38 ಸಾವಿರಕ್ಕೇ ಕ್ಲಚ್ ಹೋಯ್ತು, ಫ್ಲೈವೀಲೂ ಬದಲಿಸಲೇಬೇಕಾ?

ಐದನೇ_ಗೇರ್:
ಡೀಸೆಲ್ ಎಸ್‌ಯುವಿ, 6 ಸ್ಪೀಡ್ ಮ್ಯಾನ್ಯುವಲ್. ಓಡಿದ್ದು 38,000 ಕಿ.ಮೀ., ಮುಕ್ಕಾಲು ಪಾಲು ಬೆಂಗಳೂರಿನ ಟ್ರಾಫಿಕ್‌ನಲ್ಲೇ. ಐದನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಏರುತ್ತೆ, ಸ್ಪೀಡ್ ಏರಲ್ಲ. ಎಂಜಿನ್ ಆಫ್ ಮಾಡುವಾಗ ಗಡಗಡ ಸದ್ದು. ಕ್ಲಚ್ ಸೆಟ್ ಜೊತೆ ಡ್ಯುಯಲ್ ಮಾಸ್ ಫ್ಲೈವೀಲೂ (ಎಂಜಿನ್ ಹಿಂದಿನ ಭಾರದ ಜೋಡಿ ಚಕ್ರ) ಹಾಕಬೇಕು, ವಾರಂಟಿ ಬರಲ್ಲ ಅಂತಾರೆ ಸರ್ವೀಸ್ ಸೆಂಟರ್‌ನವರು. ಫ್ಲೈವೀಲ್ ಲೇತ್‌ಗೆ ಕೊಟ್ಟರೆ ಸಾಲದಾ?

ಸ್ಪ್ಯಾನರ್_17:
ಆರ್‌ಪಿಎಂ ಏರಿ ಸ್ಪೀಡ್ ಏರದಿದ್ದರೆ ಕ್ಲಚ್ ಸ್ಲಿಪ್ ಆಗ್ತಿದೆ. ಆಫ್ ಮಾಡುವಾಗಿನ ಗಡಗಡ ಮಾತ್ರ ಫ್ಲೈವೀಲ್ ಕಡೆ ಬೊಟ್ಟು ಮಾಡುತ್ತೆ. ಅದರೊಳಗೆ ಎರಡು ಚಕ್ರ, ನಡುವೆ ಗ್ರೀಸಿನಲ್ಲಿ ಕೂತ ಬಾಗಿದ ಸ್ಪ್ರಿಂಗುಗಳು. ಲೇತ್ ಮೇಲ್ಮೈ ಸವರುತ್ತೆ ಅಷ್ಟೇ, ಸ್ಪ್ರಿಂಗ್ ಸರಿ ಮಾಡಲ್ಲ. ಒಂದೇ ತುಂಡಿನ ಹಳೇ ಮಾದರಿ ಫ್ಲೈವೀಲ್ ಆಗಿದ್ದರೆ ಮಾತು ಬೇರೆ.

ಆದರೆ ಗೇರ್‌ಬಾಕ್ಸ್ ಇಳಿಸುವ ಮೊದಲೇ ಫ್ಲೈವೀಲ್‌ಗೆ ಒಪ್ಪಬೇಡಿ. ಇಳಿಸಿದ ಮೇಲೆ ನೀವೇ ಹೋಗಿ ನೋಡಿ. ಗೇರ್‌ಬಾಕ್ಸ್ ಕಡೆಯ ಚಕ್ರವನ್ನು ಕೈಯಲ್ಲಿ ಎಡಕ್ಕೆ ಬಲಕ್ಕೆ ತಿರುಗಿಸಿ: ಸ್ವಲ್ಪ ಆಟ ಇರಬೇಕಾದ್ದೇ, ಎಷ್ಟು ಡಿಗ್ರಿ ಅನ್ನೋದು ಆ ಕಾರಿನ ವರ್ಕ್‌ಶಾಪ್ ಮ್ಯಾನ್ಯುವಲ್‌ನಲ್ಲಿರುತ್ತೆ. ಆ ಮಿತಿ ದಾಟಿದ್ದರೆ, ಉಜ್ಜುವ ಮುಖ ಸುಟ್ಟು ನೀಲಿಯಾಗಿ ಬಿರುಕು ಬಿಟ್ಟಿದ್ದರೆ, ಅಂಚಿನಿಂದ ಗ್ರೀಸ್ ಎರಚಿದ್ದರೆ ಬದಲಿಸಿಬಿಡಿ. ಅಲ್ಲಿ ದುಡ್ಡು ಉಳಿಸಿದರೆ ಇದೇ ಲೇಬರ್ ಇನ್ನೊಂದು ಸಲ ಕೊಡಬೇಕಾಗುತ್ತೆ.

ಘಾಟಿರಸ್ತೆ:
38 ಸಾವಿರಕ್ಕೇ ಹೋಗಿದೆ ಅಂದ್ರೆ ಕಾರಣ ಹುಡುಕದೆ ಹೊಸ ಸೆಟ್ ಹಾಕಿಸಬೇಡಿ. ಕ್ಲಚ್ ಪ್ಲೇಟ್ ಮೇಲೆ ಎಣ್ಣೆ ಪಸೆ ಇದ್ದರೆ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಆಯಿಲ್ ಸೀಲ್ ಅಥವಾ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟ್ ಸೀಲ್ ಸೋರುತ್ತಿದೆ. ಪಸೆ ಇಲ್ಲದೆ ಬರೀ ಸುಟ್ಟಿದ್ದರೆ ಕ್ಲಚ್ ಪೆಡಲ್ ಮೇಲೆ ಕಾಲಿಡುವ ಅಭ್ಯಾಸ, ಇಲ್ಲಾ ಪೂರ್ತಿ ಹಿಂದಕ್ಕೆ ಬಾರದ ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಹೈಡ್ರಾಲಿಕ್ ಭಾಗ).

ಫ್ಲೈವೀಲಿನ ಸ್ಪ್ರಿಂಗನ್ನು ಕೊಲ್ಲೋದು ಬೇರೆಯೇ ಚಾಳಿ. ಆರನೇ ಗೇರಲ್ಲಿ 40ರ ಸ್ಪೀಡಲ್ಲಿ ಎಳೆಸೋದು ಒಂದು. ಇನ್ನೊಂದು ವೀಕ್ ಬ್ಯಾಟರಿ, ಇದನ್ನು ಯಾರೂ ನೋಡಲ್ಲ. ಈ ಫ್ಲೈವೀಲ್ ಅತಿ ಹೆಚ್ಚು ಒದರಾಡೋದು ಐಡ್ಲಿಂಗ್‌ಗಿಂತ ಕೆಳಗಿನ ಆರ್‌ಪಿಎಂನಲ್ಲಿ. ಸೆಲ್ಫ್ ನಿಧಾನವಾಗಿ ಎಳೆದರೆ ಎಂಜಿನ್ ಅಲ್ಲೇ ತಿಣುಕುತ್ತೆ, ಪ್ರತಿ ಸ್ಟಾರ್ಟಿಗೂ ಸ್ಪ್ರಿಂಗಿಗೆ ಏಟು.

ಐದನೇ_ಗೇರ್:
ಬೇಸ್‌ಮೆಂಟ್ ರ‍್ಯಾಂಪಲ್ಲಿ ಗೇಟ್ ತೆಗೆಯೋವರೆಗೂ ಹಾಫ್ ಕ್ಲಚ್‌ನಲ್ಲೇ ನಿಲ್ಲಿಸೋದು. ಅದೇನಾ?

ಸ್ಪ್ಯಾನರ್_17:
ಅದೇ ಇರಬೇಕು. ಗಾಡಿ ನಿಂತಿದ್ದಾಗ ಪ್ಲೇಟ್ ತಿರುಗಲ್ಲ, ಅದರ ಎರಡೂ ಬದಿಯಲ್ಲಿ ಫ್ಲೈವೀಲು, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟು ಉಜ್ಜುತ್ತಾ ತಿರುಗ್ತಿರುತ್ತವೆ. ಎಂಜಿನ್ ಕೊಟ್ಟ ಶಕ್ತಿಯೆಲ್ಲ ಅಲ್ಲೇ ಶಾಖ. ರ‍್ಯಾಂಪಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್‌ಗೆ ಹಾಕಿ.

ಫಿಟ್ಟಿಂಗ್ ದಿನ ಎದುರಿಗೇ ನಿಂತಿರಿ. ಪೆಡಲ್ ಒತ್ತಿದಾಗ ಕ್ಲಚ್ಚನ್ನು ತಳ್ಳಿ ಬಿಡಿಸುವ ರಿಲೀಸ್ ಬೇರಿಂಗ್ ಹೊಸದೇ ಆಗಲಿ. ಫ್ಲೈವೀಲ್ ಬಿಚ್ಚಿದರೆ ಬೋಲ್ಟುಗಳೂ ಹೊಸವು, ಟಾರ್ಕ್ ವ್ರೆಂಚಲ್ಲೇ ಬಿಗಿಯಾಗಲಿ. ಹೊಸ ಭಾಗದ ಮೇಲಿನ ರಕ್ಷಣೆಯ ಎಣ್ಣೆಯನ್ನು ಬ್ರೇಕ್ ಕ್ಲೀನರಲ್ಲಿ ಒರೆಸಬೇಕು. ಸ್ಪ್ಲೈನಿಗೆ (ಪ್ಲೇಟ್ ಕೂರುವ ಶಾಫ್ಟಿನ ಹಲ್ಲುಗಳಿಗೆ) ಗ್ರೀಸ್ ತೆಳ್ಳಗೆ ಸವರಿದರೆ ಸಾಕು, ಮೆತ್ತಿದರೆ ತಿರುಗುವಾಗ ಹಾರಿ ಹೊಸ ಪ್ಲೇಟಿಗೇ ಬೀಳುತ್ತೆ. ಮೊದಲ 500 ಕಿ.ಮೀ. ಮೆತ್ತಗೆ ಓಡಿಸಿ. ಹಳೇ ಸಾಮಾನು ಕೇಳಿ ಮನೆಗೆ ತನ್ನಿ, ಪ್ಲೇಟಿನ ಫೋಟೋ ಇಲ್ಲಿ ಹಾಕಿ.