ಪದ ಬೇಕು (ತುರ್ತು): ಬ್ಯಾಟರಿ ‘ಚಾರ್ಜಿಗೆ ಹಚ್ಚುವುದು’. ‘ಪುನರಾವೇಶನ’ ಬೇಡ

ಬಳಗದವರಿಗೆ ನಮಸ್ಕಾರ.

ಮೊನ್ನೆ ನಾನು ಕೇಳಿದ್ದು ತೋಟದ ಒಂದು ಫಲಕಕ್ಕೆ ಬೇಕಾದ ನಾಲ್ಕು ಪದಗಳನ್ನು: ಬ್ಯಾಟರಿಯನ್ನು ಚಾರ್ಜಿಗೆ ಹಚ್ಚುವುದಕ್ಕೆ ಒಂದು, ಚಾರ್ಜಿನ ಎರಡು ಹಂತಗಳಿಗೆ ಎರಡು, ತಂಗಲು ಬರುವವರ ವಾಹನಕ್ಕೆ ಒಂದು. ಹನ್ನೊಂದು ಉತ್ತರಗಳು ಬಂದವು, ಅವುಗಳಲ್ಲಿ ಏಳು ಇಂಗ್ಲಿಷಿನ ಎರವಲು ಪದ ಬೇಕೇ ಬೇಡವೇ ಎಂಬ ಜಗಳ. ನಾಳೆ ಬೆಳಿಗ್ಗೆ ಹತ್ತಕ್ಕೆ ಪೇಂಟರ್ ಬರುತ್ತಾರೆ. ಐದು ಅಡಿ ಉದ್ದ, ಮೂರು ಅಡಿ ಎತ್ತರದ ತಗಡಿಗೆ ಹಳದಿ ಬಳಿದು ಒಣಗಲು ಇಟ್ಟಿದ್ದೇವೆ. ಆದ್ದರಿಂದ ನನ್ನ ತೀರ್ಮಾನವನ್ನು ಕಾರಣಸಹಿತ ಬರೆಯುತ್ತಿದ್ದೇನೆ. ಒಂದು ಪದ ಮಾತ್ರ ಇನ್ನೂ ಸಿಕ್ಕಿಲ್ಲ, ಅದನ್ನು ಕೊನೆಯಲ್ಲಿ ಕೇಳುತ್ತೇನೆ.

ತಡವಾಗಿ ಸೇರಿದವರಿಗೆ ಸಂದರ್ಭ ಹೇಳುತ್ತೇನೆ. ಕಲಘಟಗಿಯ ಆಚೆ ನನ್ನ ತಮ್ಮನ ಆಪೂಸ್ ಮಾವಿನ ತೋಟವಿದೆ. ಮಲಗಲು, ಅಡುಗೆ ಮಾಡಲು ಒಳಗೇ ವ್ಯವಸ್ಥೆ ಇರುವ ವ್ಯಾನುಗಳಲ್ಲಿ ಬರುವವರು ಅಲ್ಲಿ ಒಂದೆರಡು ರಾತ್ರಿ ತಂಗುತ್ತಾರೆ. ತೋಟಕ್ಕೆ ಕರೆಂಟಿನ ಲೈನ್ ಇಲ್ಲ. ದೀಪ, ಫ್ಯಾನ್, ಸಣ್ಣ ಫ್ರಿಜ್ ಎಲ್ಲವೂ ವ್ಯಾನಿನ ಒಳಗಿನ 12 ವೋಲ್ಟ್ ಬ್ಯಾಟರಿಯ ಮೇಲೆ ನಡೆಯುತ್ತವೆ. ಅದು ಇಳಿದಾಗ ಪೆಟ್ರೋಲ್ ಜನರೇಟರ್ ಹಚ್ಚುತ್ತಾರೆ. ಯಾವ ಹೊತ್ತಿನಲ್ಲಿ, ಎಲ್ಲಿ, ಹೇಗೆ ಹಚ್ಚಬೇಕು ಎಂಬುದೇ ಫಲಕದ ವಿಷಯ.

ಗದಗದ ಹಿರಿಯರು ಕಳಿಸಿದ ಸಾಲು ಹೀಗಿದೆ:

> ವಿದ್ಯುಜ್ಜನಕದಿಂದ ವಿದ್ಯುತ್ಕೋಶಗಳ ಪುನರಾವೇಶನ

ಅಂದರೆ ಜನರೇಟರಿನಿಂದ ಬ್ಯಾಟರಿಗಳನ್ನು ಮತ್ತೆ ಚಾರ್ಜಿಗೆ ಹಚ್ಚುವುದು. ಸರ್, ಇದು ಆಗುವುದಿಲ್ಲ. ಭೌತಶಾಸ್ತ್ರದ ಪಾಠದಲ್ಲಿ ವಿದ್ಯುದಾವೇಶ (ಎಲೆಕ್ಟ್ರಿಕ್ ಚಾರ್ಜ್) ಇರಲಿ, ಅಲ್ಲಿ ಅದಕ್ಕೊಂದು ನಿಖರ ಅರ್ಥವಿದೆ. ತೋಟದ ಬೇಲಿಯ ಮೇಲೆ ಆವೇಶ ಎಂದು ಬರೆದರೆ ನಮ್ಮ ಕಡೆಯ ಓದುಗನಿಗೆ ಮೈಮೇಲೆ ದೇವರು ಬರುವುದೇ ನೆನಪಾಗುತ್ತದೆ. ಪೇಂಟರ್ ಸೀಮೆಸುಣ್ಣದಿಂದ ನಿಮ್ಮ ಸಾಲನ್ನು ಬರೆದು ನೋಡಿದರು. ‘ಜ್ಜ’, ‘ತ್ಕೋ’ ಒತ್ತುಗಳಿಗೆ ಕೆಳಗೆ ಜಾಗ ಬಿಡಬೇಕಾಗಿ, ಒಂದು ಸಾಲು ಎರಡು ಸಾಲಿನ ಎತ್ತರ ನುಂಗಿತು.

‘ಮಿಂಚೂಡಿಕೆ’ (ಮಿಂಚು, ಅಂದರೆ ವಿದ್ಯುತ್ತನ್ನು, ಊಡುವುದು) ಸೂಚಿಸಿದ ಗೆಳೆಯರಿಗೆ: ಕಿವಿಗೆ ಹಿತವಾಗಿದೆ, ಆದರೆ ಯಾರಿಗೂ ತಿಳಿಯುವುದಿಲ್ಲ. ಪಕ್ಕದಲ್ಲಿ ಅರ್ಥ ಬರೆಯಲು ಇನ್ನೊಂದು ಫಲಕ ಬೇಕಾಗುತ್ತದೆ.

‘ಹೇರು’ ಎಂದವರ ಮಾತು ಮಾತ್ರ ನನ್ನನ್ನು ಒಂದು ದಿನ ಹಿಡಿದಿಟ್ಟಿತು. ಚಾರ್ಜ್ ಎಂಬುದರ ಬೇರು ಲ್ಯಾಟಿನ್ನಿನ ‘ಕರ್ರುಸ್’, ಅಂದರೆ ಬಂಡಿ. ಬಂಡಿಗೆ ಸರಕು ತುಂಬುವುದೇ ಮೊದಲ ಅರ್ಥ. ಹಳಗನ್ನಡದ ‘ಪೇರು’ ನಮ್ಮಲ್ಲಿ ಹೇರು ಆಗಿ ಅದೇ ಕೆಲಸ ಮಾಡುತ್ತಿದೆ. ಇಷ್ಟು ಸೊಗಸಾದ ಜೋಡಿ ಅಪರೂಪ. ಆದರೂ ‘ಬ್ಯಾಟರಿ ಹೇರುವ ಸಮಯ’ ಎಂದು ಬರೆದರೆ ಟ್ರ್ಯಾಕ್ಟರಿಗೆ ಬ್ಯಾಟರಿಗಳನ್ನು ತುಂಬುವ ಸಮಯ ಎಂದೇ ಅರ್ಥ. ವ್ಯುತ್ಪತ್ತಿ ಪದದ ಹಿಂದಿನ ಊರು, ಪದ ಈಗ ಅಲ್ಲಿ ವಾಸವಿಲ್ಲ.

‘ರೀಚಾರ್ಜ್’ ಕೂಡ ಬೇಡ. ಹುಬ್ಬಳ್ಳಿಯ ಯಾವ ಓಣಿಗೆ ಹೋದರೂ ಆ ಫಲಕವಿದೆ, ಅದು ಮೊಬೈಲಿಗೆ ದುಡ್ಡು ಹಾಕಿಸುವ ಅಂಗಡಿ. ಫೋನಿನ ಖಾತೆಗೆ ರೀಚಾರ್ಜ್, ಫೋನಿನ ಬ್ಯಾಟರಿಗೆ ಚಾರ್ಜ್: ಇಂಗ್ಲಿಷಿನಲ್ಲಿ ಇಲ್ಲದ ಈ ವಿಂಗಡಣೆಯನ್ನು ನಮ್ಮ ಜನ ತಾವೇ ಮಾಡಿಕೊಂಡಿದ್ದಾರೆ. ಅದನ್ನು ಕೆಡಿಸುವ ಹಕ್ಕು ಅನುವಾದಕನಿಗೆ ಇಲ್ಲ.

ಹಾಗಾದರೆ ಕ್ರಿಯಾಪದ ಯಾವುದು? ನಾನು ‘ಚಾರ್ಜಿಗೆ ಹಚ್ಚು’ ಎಂದು ಬರೆದಾಗ ಮೈಸೂರಿನ ಸದಸ್ಯರು ಒಂದೇ ಸಾಲಿನಲ್ಲಿ ತಳ್ಳಿಹಾಕಿದರು:

> ಹಚ್ಚುವುದು ದೀಪವನ್ನು. ‘ಚಾರ್ಜಿಗೆ ಹಾಕು’ ಎನ್ನಿ.

ಇಲ್ಲ, ಎನ್ನುವುದಿಲ್ಲ. ಧಾರವಾಡದಲ್ಲಿ ಮಗುವನ್ನು ಶಾಲೆಗೆ ಹಚ್ಚುತ್ತೇವೆ, ಆಳನ್ನು ಕೆಲಸಕ್ಕೆ ಹಚ್ಚುತ್ತೇವೆ, ಗೋಡೆಗೆ ಬಣ್ಣ ಹಚ್ಚುತ್ತೇವೆ, ಊರಿಗೆ ಫೋನ್ ಹಚ್ಚುತ್ತೇವೆ. ಹತ್ತುವಂತೆ ಮಾಡುವುದೇ ಹಚ್ಚುವುದು: ಒಲೆ ಹತ್ತುತ್ತದೆ, ನಾವು ಹಚ್ಚುತ್ತೇವೆ. ಬೆಂಕಿ ಅದರ ಅರ್ಥಗಳಲ್ಲಿ ಒಂದು, ಅಷ್ಟೇ. ಇನ್ನೊಂದು ಸೂಕ್ಷ್ಮವಿದೆ. ‘ಬ್ಯಾಟರಿ ಹಚ್ಚು’ ಎಂದರೆ ನಮ್ಮಲ್ಲಿ ಟಾರ್ಚ್ ಬೆಳಗಿಸು ಎಂದು ಅರ್ಥ, ಏಕೆಂದರೆ ಟಾರ್ಚನ್ನೇ ಬ್ಯಾಟರಿ ಎನ್ನುತ್ತೇವೆ. ‘ಬ್ಯಾಟರಿಯನ್ನು ಚಾರ್ಜಿಗೆ ಹಚ್ಚು’ ಎಂದ ಕೂಡಲೇ ಚತುರ್ಥಿಯ ಒಂದು ‘ಗೆ’ ಇಡೀ ಅರ್ಥವನ್ನು ತಿರುಗಿಸುತ್ತದೆ. ಇಂತಹ ಅಚ್ಚುಕಟ್ಟು ಕೆಲಸವನ್ನು ಯಾವ ಹೊಸ ಟಂಕಿತ ಪದವೂ ಮಾಡಲಾರದು.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ಸೀಸ-ಆಮ್ಲದ ಬ್ಯಾಟರಿ ಒಂದೇ ವೇಗದಲ್ಲಿ ತುಂಬುವುದಿಲ್ಲ. ಅರ್ಧ ಇಳಿದ 150 ಆಂಪಿಯರ್-ಗಂಟೆಯ ಬ್ಯಾಟರಿಗೆ 20 ಆಂಪಿಯರ್ ಚಾರ್ಜರ್ ಹಚ್ಚಿದರೆ, ಶೇ. 80ರವರೆಗೆ ಸುಮಾರು ಎರಡೂವರೆ ಗಂಟೆಯಲ್ಲಿ ಏರುತ್ತದೆ. ಅಲ್ಲಿಂದ ಮುಂದೆ ಚಾರ್ಜರ್ 14.4 ವೋಲ್ಟ್ ಆಸುಪಾಸಿನಲ್ಲಿ ನಿಂತು, ಬ್ಯಾಟರಿ ಒಳಗೆಳೆದುಕೊಳ್ಳುವ ಕರೆಂಟ್ ಮೆಲ್ಲಮೆಲ್ಲನೆ ಇಳಿಯುತ್ತ, ಉಳಿದ ಭಾಗಕ್ಕೆ ಹಲವು ಗಂಟೆ ಹಿಡಿಯುತ್ತದೆ. ಆ ಕೊನೆಯ ಭಾಗವನ್ನು ಪದೇ ಪದೇ ಬಿಟ್ಟುಬಿಟ್ಟರೆ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ಬೇಗ ಸಾಯುತ್ತದೆ. ಅದಕ್ಕೇ ಬೆಳಿಗ್ಗೆ ಎರಡೂವರೆ ಗಂಟೆ ಜನರೇಟರ್, ಆಮೇಲೆ ಹಗಲೆಲ್ಲ ಸೌರಫಲಕ ಎಂಬ ಕ್ರಮ. ಮೆಲ್ಲಗೆ ತುಂಬುವ ಈ ಎರಡನೆಯ ಹಂತಕ್ಕೆ, ಇಂಗ್ಲಿಷಿನ ‘ಅಬ್ಸಾರ್ಪ್ಷನ್’ಗೆ, ಹೆಸರು ಬೇಕಿತ್ತು. ‘ಹೀರಿಕೆ’, ‘ಅವಶೋಷಣ’ ಎರಡೂ ಬಂದಿದ್ದವು.

ನನಗೆ ಉತ್ತರ ಸಿಕ್ಕಿದ್ದು ತೋಟದಲ್ಲೇ. ಕಳೆದ ವಾರ ಅಲ್ಲಿ ತಂಗಿದ್ದವರು ಜನರೇಟರಿನ ಮೈಮೇಲಿನ 12 ವೋಲ್ಟ್ ಸಾಕೆಟ್ಟಿಗೇ ಬ್ಯಾಟರಿಯನ್ನು ಹಚ್ಚಿ ರಾತ್ರಿಯಿಡೀ ಓಡಿಸಿದರು. ಸಣ್ಣ ಜನರೇಟರುಗಳಲ್ಲಿ ಆ ಸಾಕೆಟ್ ಎಂಟು ಆಂಪಿಯರ್ ಆಸುಪಾಸು ಕೊಡುತ್ತದೆ. ಅದು ಹಂತ ನೋಡಿ ಹದ ಮಾಡುವ ಚಾರ್ಜರ್ ಅಲ್ಲ. 220 ವೋಲ್ಟಿನ ಸಾಕೆಟ್ಟಿಗೆ ಸರಿಯಾದ ಚಾರ್ಜರ್ ಹಚ್ಚಬೇಕು. ಬೆಳಿಗ್ಗೆ ಮೀಟರ್ ನೋಡಿ, ಬ್ಯಾಟರಿ ಪೂರ್ತಿ ತುಂಬಿಲ್ಲವೆಂದು ಅವರು ಬೇಸರಪಟ್ಟುಕೊಂಡಾಗ, ತೋಟದ ಕೆಲಸಕ್ಕೆ ಬರುವ ಅಜ್ಜ ಒಂದೇ ಮಾತು ಹೇಳಿದರು: “ಸುರಿದರೆ ಆಗಲಿಲ್ಲ, ಇಂಗಬೇಕು.” ಎರೆ ಭೂಮಿಯ ಮಳೆಯನ್ನು ಜೀವನಪೂರ್ತಿ ನೋಡಿದವರ ಮಾತು ಅದು. ಒಮ್ಮೆಲೇ ಸುರಿದ ನೀರು ಹರಿದುಹೋಗುತ್ತದೆ, ನಿಂತ ನೀರು ಇಂಗುತ್ತದೆ. ಕೊಳವೆಬಾವಿ ಮರುಪೂರಣಕ್ಕೂ ನಾವು ಇಂಗುಗುಂಡಿಯನ್ನೇ ತೋಡುತ್ತೇವೆ. ಮೊದಲ ಹಂತ ‘ತುಂಬುವುದು’, ಎರಡನೆಯದು ‘ಇಂಗಿಸುವುದು’. ಈ ಪದಕ್ಕೆ ನಾನು ಋಣಿ, ಇದನ್ನು ಬಿಟ್ಟುಕೊಡುವುದಿಲ್ಲ.

ಎರವಲಿನ ಜಗಳಕ್ಕೆ ನನ್ನ ಉತ್ತರ ಇಷ್ಟೇ. ಫಲಕದಲ್ಲಿ ಬ್ಯಾಟರಿ, ಜನರೇಟರ್, ಚಾರ್ಜ್ ಇರುತ್ತವೆ. ಕನ್ನಡ ಸತ್ತಿತು ಎಂದು ಬರೆದವರು ಆ ತೋಟದ ಹಣ್ಣಿನ ಹೆಸರನ್ನೇ ನೋಡಲಿ: ಆಪೂಸ್ ಎಂಬುದು ಪೋರ್ಚುಗೀಸರ ಅಫೊನ್ಸೊ ಎಂಬ ಹೆಸರು. ಬಟಾಟೆಯೂ ಅವರದೇ. ಕಿಟ್ಟೆಲ್ 1894ರ ನಿಘಂಟಿನಲ್ಲಿ ಮರಾಠಿ, ಹಿಂದುಸ್ತಾನಿಯಿಂದ ಬಂದವುಗಳಿಗೂ ಜಾಗ ಕೊಟ್ಟಿದ್ದಾರೆ. ನಾಮಪದಗಳು ಸಂತೆಗೆ ಬಂದು ಹೋಗುತ್ತಿರುತ್ತವೆ. ಹಚ್ಚು, ಇಳಿ, ಏರು, ಇಂಗು ಎಂಬ ಕ್ರಿಯಾಪದಗಳು ಕೈಬಿಟ್ಟುಹೋಗುವುದೇ ನನಗೆ ಭಯ. ‘ಚಾರ್ಜ್ ಮಾಡು’, ‘ಅಬ್ಸಾರ್ಬ್ ಮಾಡು’, ‘ಸ್ಟಾರ್ಟ್ ಮಾಡು’ ಎಂದು ಎಲ್ಲದಕ್ಕೂ ಒಂದೇ ‘ಮಾಡು’ ಅಂಟಿಸುತ್ತ ಹೋದರೆ ಅದು ನಷ್ಟ. ಶುದ್ಧಿಯ ಕಾಳಜಿ ಇರುವವರು ಅಲ್ಲಿ ಕಾವಲು ನಿಲ್ಲಲಿ.

ಫಲಕದ ಕರಡು:

ಜನರೇಟರ್ ಹಚ್ಚುವ ಸಮಯ: ಬೆಳಿಗ್ಗೆ 8ರಿಂದ 10.30
ವ್ಯಾನ್, ಡೇರೆಗಳಿಂದ 20 ಅಡಿ ದೂರ ಇಡಿ. ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲವಿದೆ
ಬ್ಯಾಟರಿಯನ್ನು ಚಾರ್ಜರ್ ಮೂಲಕವೇ ಚಾರ್ಜಿಗೆ ಹಚ್ಚಿ
ತುಂಬಿದ ಮೇಲೆ ಸೌರಫಲಕಕ್ಕೆ ಹಚ್ಚಿ ಇಂಗಲು ಬಿಡಿ

ಉಳಿದದ್ದು ವಾಹನದ ಹೆಸರು. ‘ಕ್ಯಾಂಪರ್’ ಎಂದು ಬರೆಯುವಂತಿಲ್ಲ. ನಮ್ಮಲ್ಲಿ ಅದು ಬೊಲೆರೊ ಕ್ಯಾಂಪರ್ ಗಾಡಿ, ಇಲ್ಲವೇ ಮದುವೆ ಮನೆಯ ತಣ್ಣೀರಿನ ಕ್ಯಾನು. ಸದ್ಯಕ್ಕೆ ಬರೀ ‘ವ್ಯಾನ್’ ಎಂದಿದ್ದೇನೆ, ಆದರೆ ತರಕಾರಿ ವ್ಯಾನಿನವರೂ ತಮಗೇ ಹೇಳಿದ್ದೆಂದು ಓದಿಕೊಳ್ಳುತ್ತಾರೆ. ‘ಬಿಡಾರದ ವ್ಯಾನ್’ ಹೇಗೆ? ಹಾವೇರಿ ಕಡೆ ಕುರಿಗಾರರ ಬಿಡಾರವನ್ನು ನೋಡಿದವರು ಆ ಪದ ಇಲ್ಲಿಗೆ ಒಪ್ಪುತ್ತದೆಯೇ ಹೇಳಿ. ಬೆಳಿಗ್ಗೆ ಒಂಬತ್ತರೊಳಗೆ ಉತ್ತರ ಬಂದರೆ ಪೇಂಟರಿಗೆ ತಿಳಿಸುತ್ತೇನೆ.