"ಗಾಜಾಕ್ಕೆ ಹೋದರೆ ನಿನ್ನನ್ನೇ ಕೊಲ್ತಾರೆ" ಅನ್ನುವವರಿಗೆ ಏನು ಹೇಳೋದು?

ಕುಡ್ಲೆ ಹುಡುಗ:
ನಾನು ಗೋಕರ್ಣದ ಕುಡ್ಲೆ ಬೀಚಿನ ಒಂದು ಕೆಫೆಯಲ್ಲಿ ಕೆಲಸ ಮಾಡುತ್ತೇನೆ. ಮನೆ ಅಂಕೋಲಾ ಕಡೆ. ಗೇ. ಅಕ್ಕನಿಗೆ ಮಾತ್ರ ಗೊತ್ತು. ಸೀಸನ್ನಿನಲ್ಲಿ ನಮ್ಮಲ್ಲಿ ಇಸ್ರೇಲಿನವರು ಜಾಸ್ತಿ, ಸೈನ್ಯದ ಅವಧಿ ಮುಗಿಸಿ ತಿರುಗಾಡಲು ಬರುವ ಹುಡುಗ ಹುಡುಗಿಯರು. ಮೆನು ಹೀಬ್ರೂನಲ್ಲೂ ಇದೆ. ಶಕ್‌ಶೂಕಾ ನಾನೇ ಮಾಡುತ್ತೇನೆ, ಚೆನ್ನಾಗಿಯೇ ಮಾಡುತ್ತೇನೆ.

ಹೋದ ಸೀಸನ್ನಿನಲ್ಲಿ ಬಂದ ಒಬ್ಬ ಟೆಲ್ ಅವೀವ್ ಪ್ರೈಡ್, ಅಂದರೆ ನಮ್ಮಂಥವರ ಮೆರವಣಿಗೆಯ ಫೋಟೋ ತೋರಿಸಿದ. ಗಂಡು ಗಂಡು ಕೈ ಹಿಡಿದು ನಡುಬೀದಿಯಲ್ಲಿ. ಹೊಟ್ಟೆ ಉರಿಯಿತು, ಯಾಕೆ ಸುಳ್ಳು ಹೇಳಲಿ. ಆಮೇಲೆ ನನ್ನ ಫೋನ್ ಕವರಿನ ಮೇಲಿದ್ದ ಕಲ್ಲಂಗಡಿ ಸ್ಟಿಕರ್ (ಪ್ಯಾಲೆಸ್ಟೀನ್ ಬೆಂಬಲದ ಗುರುತು) ನೋಡಿ ನಕ್ಕ. "ಗಾಜಾಕ್ಕೆ ಹೋದರೆ ನಿನ್ನನ್ನೇ ಕೊಲ್ತಾರೆ, ಗೊತ್ತಾ?" ಬೆಂಗಳೂರಿನ ಗೇ ಗೆಳೆಯನೂ ಇದನ್ನೇ ಹೇಳುತ್ತಾನೆ. ಅಲ್ಲಿ ನಮ್ಮಂಥವರಿಗೆ ಕಷ್ಟ ಇದೆ ಅನ್ನೋದು ನಿಜ ಅಲ್ವಾ? ಹಾಗಾದರೆ ಏನು ಉತ್ತರ ಕೊಡೋದು?

ಶಿರಸಿಯವಳು:
ನಿಜವೇ, ಮುಚ್ಚಿಡುವುದು ಬೇಡ. 2022ರ ಅಕ್ಟೋಬರಿನಲ್ಲಿ ಹೆಬ್ರಾನ್‌ನಲ್ಲಿ ಒಬ್ಬ ಗೇ ಯುವಕನ ಕೊಲೆಯಾಯಿತು. 2019ರಲ್ಲಿ ಪ್ಯಾಲೆಸ್ಟೀನ್ ಪ್ರಾಧಿಕಾರದ ಪೊಲೀಸರು ಅಲ್-ಖೌಸ್ ಸಂಘಟನೆ ಪಶ್ಚಿಮ ದಂಡೆಯಲ್ಲಿ ಏನೂ ನಡೆಸಕೂಡದು ಎಂದು ಸಾರಿದರು. ಅಲ್-ಖೌಸ್ ಅಂದರೆ ಪ್ಯಾಲೆಸ್ಟೀನಿನ ಕ್ವಿಯರ್ ಜನರದೇ, ನಮ್ಮಂಥವರದೇ ಸಂಘಟನೆ. ಪೊಲೀಸರ ಮಾತನ್ನು ಅವರು ಬಹಿರಂಗವಾಗಿಯೇ ಖಂಡಿಸಿದರು. ಇಸ್ರೇಲಿನ ಹೈಫಾದಲ್ಲಿ ಪ್ಯಾಲೆಸ್ಟೀನಿ ಹೆಂಗಸರ ಇಂಥದೇ ಗುಂಪು ಅಸ್ವಾತ್ ಕೂಡ ಇದೆ. ಅಂದರೆ ನೀನು "ಹೋಗುವ" ಪ್ರಶ್ನೆಯೇ ಅಲ್ಲ ಇದು. ನಮ್ಮಂಥವರು ಅಲ್ಲಿ ಮೊದಲಿನಿಂದ ಇದ್ದಾರೆ. ಬಾಂಬ್ ಅವರ ಮನೆ ಮೇಲೂ ಬೀಳುತ್ತದೆ.

ಕಾನೂನಿನ ಕಥೆಯನ್ನೂ ನಿನ್ನ ಗೆಳೆಯನಿಗೆ ಹೇಳು. ಗಾಜಾದಲ್ಲಿರುವುದು ಆಗ ಅಲ್ಲಿ ಆಳುತ್ತಿದ್ದ ಬ್ರಿಟಿಷರು 1936ರಲ್ಲಿ ಬರೆದ ಕಲಂ: ಗಂಡು ಗಂಡು ಸಂಬಂಧಕ್ಕೆ ಹತ್ತು ವರ್ಷದವರೆಗೆ ಜೈಲು. ಇಲ್ಲಿ ನಮ್ಮಂಥವರನ್ನು ಅಪರಾಧಿ ಮಾಡಿದ್ದ 377ನೇ ಕಲಂ ಕೂಡ 1860ರಲ್ಲಿ ಅವರೇ ಬರೆದದ್ದು. ಅದನ್ನು ಸುಪ್ರೀಂ ಕೋರ್ಟ್ ನಮ್ಮ ತಲೆ ಮೇಲಿಂದ ತೆಗೆದದ್ದು 2018ರ ಸೆಪ್ಟೆಂಬರ್ 6ಕ್ಕೆ, ಮೊನ್ನೆ ಮೊನ್ನೆ. ಇಸ್ರೇಲಿನಲ್ಲೂ 1988ರವರೆಗೆ ಅದೇ ಬ್ರಿಟಿಷ್ ಕಲಂ ಇತ್ತು. ಪಶ್ಚಿಮ ದಂಡೆಯಲ್ಲಿ 1950ರ ದಶಕದಿಂದಲೇ ಇಲ್ಲ.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಬೇರೆ. 2014ರಲ್ಲಿ ಇಸ್ರೇಲಿನ ಗುಪ್ತಚರ ಘಟಕ 8200ರ 43 ಮೀಸಲು ಸೈನಿಕರು ಒಂದು ಪತ್ರ ಬರೆದು, ಪ್ಯಾಲೆಸ್ಟೀನಿಯರ ಮೇಲೆ ಇನ್ನು ಈ ಕೆಲಸ ಮಾಡುವುದಿಲ್ಲ ಎಂದರು. ಯಾರು ಗೇ, ಯಾರಿಗೆ ಏನು ಕಾಯಿಲೆ, ಯಾರಿಗೆ ದುಡ್ಡಿನ ಅಡಚಣೆ ಎಂದು ಕದ್ದು ಕೇಳಿ, ಅದನ್ನೇ ಹಿಡಿದು ಜನರನ್ನು ಮಾಹಿತಿದಾರರನ್ನಾಗಿ ಮಾಡಲಾಗುತ್ತಿತ್ತು ಎಂದು ಅವರೇ ಹೇಳಿಕೊಂಡರು. ನಾನು ಇಲ್ಲಿ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನನ್ನ ಗುಟ್ಟು ಒಬ್ಬರ ಕೈಗೆ ಸಿಕ್ಕರೆ ಸಂಜೆಯೊಳಗೆ ಸಾಲ್ಕಣಿ ಹಳ್ಳಿಗೂ ಮುಟ್ಟುತ್ತದೆ. ಆ ಗುಟ್ಟು ಹಿಡಿದವನು ಬಂದೂಕಿನವನಾದರೆ? ಅದೇ ಸರ್ಕಾರ ಪ್ರೈಡ್ ಫೋಟೋ ತೋರಿಸಿದಾಗ ನನಗೆ ನಂಬಿಕೆ ಬರುವುದಿಲ್ಲ. ನಮ್ಮಂಥವರನ್ನು ಮುಂದಿಟ್ಟು ತಪ್ಪು ಮುಚ್ಚಿಕೊಳ್ಳುವ ಇದಕ್ಕೇ ಪಿಂಕ್‌ವಾಷಿಂಗ್ ಅನ್ನುತ್ತಾರೆ.

ಇನ್ನು "ಅವರು ನಿನ್ನನ್ನು ಒಪ್ಪಲ್ಲ" ಅನ್ನುವ ವಾದ. ನನ್ನ ಚಿಕ್ಕಪ್ಪನಿಗೆ ನನ್ನ ವಿಷಯ ತಿಳಿದರೆ ಜಗಲಿ ಹತ್ತಿಸುವುದಿಲ್ಲ. ಹಾಗಂತ ಅವನ ಕೊಟ್ಟಿಗೆಗೆ ಬೆಂಕಿ ಬಿದ್ದರೆ ನಾನು ನೋಡುತ್ತ ನಿಲ್ಲಲಾ?

ಶರಾವತಿ ದಡ:
ಕ್ಷಮಿಸಿ, ಇದೆಲ್ಲ ಬೆಂಗಳೂರಿನ ಫ್ಯಾಶನ್ ಅನ್ನಿಸುತ್ತದೆ. ಹೊನ್ನಾವರದಲ್ಲಿ ಆಕ್ಸಿಡೆಂಟ್ ಆದರೆ ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ಕೇಳಿ ಕೇಳಿ ಸಾಕಾಗಿದೆ. ಗಾಜಾ ಯಾಕೆ? ಹಮಾಸ್ 2023ರ ಅಕ್ಟೋಬರ್ 7ಕ್ಕೆ ಮಾಡಿದ್ದರ ಬಗ್ಗೆ ಒಂದು ಸಾಲೂ ಇಲ್ಲವಲ್ಲ?

ಶಿರಸಿಯವಳು:
ಇರಲಿ, ಬರೆಯುತ್ತೇನೆ: ಆ ದಿನ ಸಂಗೀತೋತ್ಸವಕ್ಕೆ ಸೇರಿದ್ದ ಹುಡುಗ ಹುಡುಗಿಯರನ್ನು ಕೊಂದದ್ದು ಹೇಯ ಕೆಲಸ. ಆಸ್ಪತ್ರೆ ಬೇಕು ಅಂತ ನಾನೂ ಸಹಿ ಹಾಕಿದವಳೇ. ಒಂದಕ್ಕೆ ಹಾಕಿದ ಸಹಿ ಇನ್ನೊಂದನ್ನು ಅಳಿಸುವುದಿಲ್ಲ. ಮತ್ತೆ ಇದು ಬೆಂಗಳೂರಿನವರು ಹುಟ್ಟಿಸಿದ್ದಲ್ಲ. 2023ರ ನವೆಂಬರಿನಲ್ಲಿ ಪ್ಯಾಲೆಸ್ಟೀನಿನ ಕ್ವಿಯರ್ ಜನರೇ ಒಂದು ಹೇಳಿಕೆ ಹೊರಡಿಸಿದರು. ನಮ್ಮ ಕಷ್ಟವನ್ನು ತೋರಿಸಿ ನಮ್ಮ ಜನರನ್ನು ಕೊಲ್ಲುವುದು ಸರಿ ಎನ್ನಬೇಡಿ ಎನ್ನುವುದು ಅದರ ತಿರುಳು. ಬೇಡಿಕೊಂಡವರು ಅವರು. ನಾವು ಕಿವಿ ಕೊಡುತ್ತಿದ್ದೇವೆ ಅಷ್ಟೆ.

ಭಟ್ಕಳದಿಂದ:
ನಾನು ನವಾಯತ (ಇಲ್ಲಿನ ಮುಸ್ಲಿಂ ಸಮುದಾಯ), ಗೇ. ನಮ್ಮೂರಲ್ಲಿ ಗಾಜಾಕ್ಕಾಗಿ ದುವಾ ಮಾಡುವವರ ಪಕ್ಕದಲ್ಲೇ ಕೂತಿರುತ್ತೇನೆ, ನನ್ನ ವಿಷಯ ಅವರಿಗೆ ಗೊತ್ತಿಲ್ಲ. ಎರಡು ಕಡೆಯವರೂ ನನ್ನನ್ನು ಅರ್ಧ ಮಾತ್ರ ನೋಡುತ್ತಾರೆ. ಈ ಥ್ರೆಡ್ಡಿಗೆ ಥ್ಯಾಂಕ್ಸ್.

ಕುಡ್ಲೆ ಹುಡುಗ:
8200ರ ವಿಷಯ ನನಗೆ ಗೊತ್ತೇ ಇರಲಿಲ್ಲ. ಆ ಹುಡುಗ ಈಗಲೂ ಮೆಸೇಜ್ ಮಾಡುತ್ತಾನೆ, ಕೆಟ್ಟವನಲ್ಲ. ಅವನ ಹತ್ತಿರ ಜಗಳ ಆಡಲ್ಲ, ಆ ಪತ್ರ ಓದಿದ್ದೀಯಾ ಅಂತ ಕೇಳುತ್ತೇನೆ. ಶಿರಸಿಯವಳೇ, ನೀವು ಬರೆದದ್ದನ್ನು ಹೆಸರಿಲ್ಲದೆ ಬೆಂಗಳೂರಿನ ಗೆಳೆಯನಿಗೆ ಕಳಿಸಲಾ?

ಶಿರಸಿಯವಳು:
ಕಳಿಸು. ಅಡಿಕೆ ಮಂಡಿಯ ಸಾಲು ತೆಗೆದುಬಿಡು ಮಾರಾಯಾ.