ವಿಜ್ಞಾನ ಪ್ರದರ್ಶನಕ್ಕೆ ಏನಿಡೋಣ: ವಿಮಾನವೋ, ಕೆರೆಯ ತೂಬೋ?

ಸಮಾಜ ಟೀಚರ್
ಹೊಸಪೇಟೆ ಕಡೆಯ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಈ ಸಲದ ಪ್ರದರ್ಶನದ ವಿಷಯ ‘ನಮ್ಮ ಹಿರಿಯರ ಇಂಜಿನಿಯರಿಂಗ್’. ಪ್ರಾಚೀನ ಅಂತ ಹೇಳುವ ‘ವೈಮಾನಿಕ ಶಾಸ್ತ್ರ’ ಎಂಬ ಸಂಸ್ಕೃತ ಪುಸ್ತಕದ ಚಿತ್ರ ನೋಡಿಕೊಂಡು ವಿಮಾನದ ಮಾಡೆಲ್ ಮಾಡಿಸಿ ಅಂತ ಕೆಲವು ಪೋಷಕರು ಕೇಳುತ್ತಿದ್ದಾರೆ. ನನಗೆ ಕೆರೆ ಮತ್ತು ಅದರ ನೀರು ಹೊರಬಿಡುವ ತೂಬಿನ ಮಾಡೆಲ್ ಇಡುವ ಆಸೆ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಶಾಸನವೊಂದಿದೆ. ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯದು. ಒಳ್ಳೆಯ ಕೆರೆಗೆ ಬೇಕಾದ 12 ಅಂಗ, ಇರಬಾರದ 6 ದೋಷ, ಎಲ್ಲವನ್ನೂ ಅದರಲ್ಲಿ ಬರೆಸಿದ್ದಾರೆ. ಆದರೆ ಸ್ಟಾಫ್ ರೂಮಿನಲ್ಲಿ “ಕೆರೆ ಮಕ್ಕಳು ದಿನಾ ನೋಡೋದೇ ಅಲ್ವಾ” ಅಂತಾರೆ. ನೀವೇನು ಹೇಳುತ್ತೀರಿ?

ಇಬ್ಬರು ಮಕ್ಕಳ ಅಪ್ಪ
ವಿಮಾನ ಇಡಿ ಮೇಡಂ. ನಾವು ಓದುವಾಗ ಎಲ್ಲ ಯಂತ್ರವೂ ಹೊರದೇಶದವರದೇ. ಜೇಮ್ಸ್ ವ್ಯಾಟ್, ಎಡಿಸನ್, ರೈಟ್ ಸಹೋದರರು. ನಮ್ಮವರು ಏನೂ ಮಾಡಲೇ ಇಲ್ಲ ಅನ್ನೋ ಭಾವನೆ ತಲೆಯಲ್ಲಿ ಕೂತುಬಿಟ್ಟಿತು. ನನ್ನ ಮಕ್ಕಳಿಗೆ ಹಾಗಾಗಬಾರದು. ಮಾಡೆಲ್ ನೋಡಿ ಒಬ್ಬ ಹುಡುಗ ಇಂಜಿನಿಯರ್ ಆದರೂ ಸಾಕು.

ಏರೋ ಓದಿದವಳು
ಸರ್, ನಿಮ್ಮ ಬೇಸರ ಅರ್ಥವಾಗುತ್ತದೆ, ಅದು ನ್ಯಾಯವೂ ಹೌದು. ಆದರೆ ಆ ಪುಸ್ತಕ ಪ್ರಾಚೀನವಲ್ಲ. ಆನೇಕಲ್‌ನ ಸುಬ್ಬರಾಯ ಶಾಸ್ತ್ರಿಗಳು ಅದನ್ನು ಹೇಳಿ ಬರೆಸಿದ್ದು 1918ರಿಂದ 1923ರ ನಡುವೆ. ಚಿತ್ರ ಬರೆದವರು ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನ ಡ್ರಾಫ್ಟ್ಸ್‌ಮನ್ ಎಲ್ಲಪ್ಪ. 1974ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಮುಕುಂದ, ದೇಶಪಾಂಡೆ, ನಾಗೇಂದ್ರ, ಪ್ರಭು, ಗೋವಿಂದರಾಜು ಎಂಬ ಐವರು ಕೂತು ಅದನ್ನು ಪರೀಕ್ಷಿಸಿದರು. ಸುಮ್ನೆ ತಳ್ಳಿಹಾಕಲಿಲ್ಲ. ಸಂಸ್ಕೃತ ಹೇಗಿದೆ ಅಂತ ನೋಡಿದರು, ಬರೆದವರ ಬಗ್ಗೆ ವಿಚಾರಿಸಿದರು, ಒಂದೊಂದು ವಿಮಾನದ ಆಕಾರ, ತೂಕ ಹಿಡಿದು ಲೆಕ್ಕ ಹಾಕಿದರು. ಪುಸ್ತಕ 1904ಕ್ಕಿಂತ ಹಿಂದಿನದಲ್ಲ, ಅದರಲ್ಲಿರುವ ಯಾವ ವಿಮಾನವೂ ಹಾರುವಂಥದ್ದಲ್ಲ ಅಂತ ತೀರ್ಮಾನವಾಯಿತು. ಇಷ್ಟೆಲ್ಲ ಗೊತ್ತಿದ್ದೂ ಮಕ್ಕಳ ಮುಂದೆ ಮಾಡೆಲ್ ಇಟ್ಟರೆ ಅದು ಮೋಸ.

ಇಬ್ಬರು ಮಕ್ಕಳ ಅಪ್ಪ
ಸರಿ, ಆ ಪುಸ್ತಕ ಬೇಡ ಬಿಡಿ. ಹಾಗಂತ ಎಲ್ಲವನ್ನೂ ಬಿಡುವುದಾ? ದೆಹಲಿಯ ಕಬ್ಬಿಣದ ಕಂಬ ಕಣ್ಣೆದುರಿಗೇ ಇದೆ.

ಏರೋ ಓದಿದವಳು
ಅದನ್ನು ಖಂಡಿತ ಇಡಿ. ಸುಮಾರು 1600 ವರ್ಷದಿಂದ ಬಿಸಿಲು ಮಳೆಗೆ ನಿಂತಿದೆ. ಆ ಕಬ್ಬಿಣದಲ್ಲಿ ರಂಜಕ ಜಾಸ್ತಿ. ಮೊದಲು ಹಿಡಿದ ತುಕ್ಕಿನಿಂದಲೇ ಮೇಲೆ ತೆಳುವಾದ ಪದರ ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಐಐಟಿ ಕಾನ್ಪುರದ ಬಾಲಸುಬ್ರಮಣಿಯಂ ಅವರು ಇದನ್ನು ಬಿಡಿಸಿ ತೋರಿಸಿದ್ದಾರೆ. ಪವಾಡ ಅನ್ನುವುದಕ್ಕಿಂತ ಈ ಕಾರಣ ಕೇಳಿದಾಗ ಮಕ್ಕಳ ಕಣ್ಣು ಅರಳುತ್ತದೆ.

ನೀರಾವರಿಯಲ್ಲಿ ದುಡಿದವನು
ಟೀಚರ್ ಹೇಳಿದ ಆ 6 ದೋಷ ಇಲ್ಲಿ ಬರೆಯುತ್ತೇನೆ, ಓದಿ ನೋಡಿ. ಏರಿಯಿಂದ ನೀರು ಜಿನುಗುವುದು. ಸವುಳು ಮಣ್ಣು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು. ಕೆರೆಯಂಗಳದ ನಡುವೆ ದಿಬ್ಬ. ನೀರು ಕಡಿಮೆ, ಹರವು ಜಾಸ್ತಿ. ಜಾಗ ಸಣ್ಣದು, ನೀರು ವಿಪರೀತ. ನಾನು ಸರ್ವಿಸ್ ಪೂರ್ತಿ ನೋಡಿದ್ದು ಇವೇ ತೊಂದರೆಗಳನ್ನು. ಮೂರನೆಯದನ್ನಂತೂ ಕಾವೇರಿಗಾಗಿ ಜಗಳವಾಡುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. 650 ವರ್ಷದ ಹಿಂದೆ ಒಬ್ಬರು ಅದನ್ನು ಇಂಜಿನಿಯರಿಂಗ್ ದೋಷದ ಪಟ್ಟಿಗೇ ಸೇರಿಸಿದ್ದರು ನೋಡಿ! ಹೈಸ್ಕೂಲ್ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿದೆ?

ಇನ್ನೊಂದು ಮಾತು. ನಿಮ್ಮ ಹೊಸಪೇಟೆಯ ಹತ್ತಿರವೇ ಕೃಷ್ಣದೇವರಾಯ ಕೆರೆ ಕಟ್ಟಿಸುವಾಗ ಏರಿ ಎರಡು ಮೂರು ಸಲ ಒಡೆಯಿತು. ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯಸ್ ಬರೆದಿದ್ದಾನೆ. ದೇವರಿಗೆ ತೃಪ್ತಿಯಾಗಲಿ ಅಂತ 60 ಜನರ ತಲೆ ಕಡಿಸಿದರಂತೆ. ಆಮೇಲೆ ಬಂದ ನೂನಿಜ್ ಹೇಳುವಂತೆ, ಗೋವಾದಿಂದ ಒಬ್ಬ ಪೋರ್ಚುಗೀಸ್ ಕಲ್ಲುಕೆಲಸದವನನ್ನೂ ಕರೆಸಿಕೊಂಡರು. ಇದನ್ನೂ ಹೇಳಬೇಕು. ಏರಿ ಯಾಕೆ ಒಡೆಯುತ್ತದೆ ಅಂತ ಗೊತ್ತಾದರೆ ತಾನೇ, ನಿಂತದ್ದು ಯಾಕೆ ನಿಂತಿತು ಅಂತ ಗೊತ್ತಾಗುವುದು?

ಮಲೆನಾಡಿನ ಅಮ್ಮ
ಕೆರೆ ಒಡೆದದ್ದು ಹೇಳಿ ಸರ್, ತಲೆ ಕಡಿದ ಕಥೆ 13 ವರ್ಷದ ಮಕ್ಕಳಿಗೆ ಯಾಕೆ? ಅವರು ಮನೆಗೆ ಹೋಗಿ ಅದೊಂದನ್ನೇ ಹೇಳುತ್ತಾರೆ. ತೂಬು, ಏರಿ ಎಲ್ಲ ಮರೆತುಹೋಗುತ್ತದೆ.

ಭೋವಿ ಹುಡುಗ
ಅಕ್ಕಾ, ನನಗೆ ಅದು ಒಪ್ಪಿಗೆಯಿಲ್ಲ. ಮಣ್ಣು ಅಗೆದು, ಹೊತ್ತು ಏರಿ ಕಟ್ಟಿದವರು ನಮ್ಮಂಥ ಮನೆಯವರು. ಪೋರುಮಾಮಿಳ್ಳದ ಶಾಸನದಲ್ಲಿ ದಿನಕ್ಕೆ 1000 ಆಳು, 100 ಬಂಡಿ, 2 ವರ್ಷದ ಕೆಲಸ ಅಂತಿದೆ. ರಾಜನ ಮಗನ ಹೆಸರಿದೆ. ಆ ಸಾವಿರ ಜನರಲ್ಲಿ ಒಬ್ಬರ ಹೆಸರೂ ಇಲ್ಲ. ಆದರೆ 12 ಅಂಗಗಳಲ್ಲಿ ಕೊನೆಯದು ಕಟ್ಟುವ ಕೆಲಸ ಬಲ್ಲ ಜನರ ತಂಡ. ಅಂದರೆ ಅದು ಬರೀ ಕೂಲಿಯಲ್ಲ, ವಿದ್ಯೆ ಅಂತ ಬರೆಸಿದವರಿಗೂ ಗೊತ್ತಿತ್ತು. ಯಾವ ಮಣ್ಣು ನೀರು ಹಿಡಿಯುತ್ತದೆ ಅಂತ ನನ್ನ ಅಜ್ಜ ಕೈಯಲ್ಲಿ ಉಂಡೆ ಮಾಡಿ ಹೇಳುತ್ತಿದ್ದರು. ಪ್ರದರ್ಶನದಲ್ಲಿ ರಾಜರ ಫೋಟೋ ದೊಡ್ಡದಾಗಿ ಹಾಕಿ ಇದನ್ನು ಬಿಟ್ಟರೆ ನಮ್ಮ ಮಕ್ಕಳಿಗೆ ಮತ್ತೆ ಅದೇ ಪಾಠ, ನಿಮ್ಮವರು ಏನೂ ಮಾಡಲಿಲ್ಲ ಅಂತ.

ಇಬ್ಬರು ಮಕ್ಕಳ ಅಪ್ಪ
ನಾನು ಹೇಳಿದ ನೋವೂ ಇದೇ ತಮ್ಮಾ. ನಿಮ್ಮ ಅಜ್ಜನ ಮಾತು ಚಾರ್ಟಿನಲ್ಲಿ ಬರಲಿ. ತಲೆ ಕಡಿದದ್ದರ ವಿಷಯದಲ್ಲಿ ಮಾತ್ರ ನಾನು ಆ ಅಮ್ಮನವರ ಕಡೆ.

ಸಮಾಜ ಟೀಚರ್
ಒಂಬತ್ತನೇ ತರಗತಿಯವರಿಗೆ ಪಾಯಸ್ ಬರೆದದ್ದನ್ನು ಕ್ಲಾಸಿನಲ್ಲೇ ಹೇಳುತ್ತೇನೆ. ಅಲ್ಲಿ ಕೂತು ಮಾತಾಡಬಹುದು. ಚಾರ್ಟಿನಲ್ಲಿ ಹಾಕುವುದಿಲ್ಲ. ವಿಮಾನದ ಮಾಡೆಲ್ ಇಲ್ಲ, ಅದು ತೀರ್ಮಾನ. ತೂಬಿನ ಮಾಡೆಲ್ ಮಾಡುವುದು ಹೇಗೆ ಸರ್? ನಮ್ಮಲ್ಲಿ ಇರುವುದು ಒಂದು ಹಳೆಯ ಮೀನಿನ ತೊಟ್ಟಿ, ಅಷ್ಟೇ.

ನೀರಾವರಿಯಲ್ಲಿ ದುಡಿದವನು
ಗಾಜಿನ ತೊಟ್ಟಿಯಾದರೆ ತುಂಬ ಒಳ್ಳೆಯದು, ಒಳಗಿನದು ಕಾಣುತ್ತದೆ. ನಡುವೆ ಅಡ್ಡಕ್ಕೆ ಏರಿ ಹಾಕಿ. ಏರಿಯ ಬುಡದಲ್ಲಿ, ಗಾಜಿಗೆ ತಾಗಿದಂತೆ ಪೈಪು ಇಡಿ. ನೀರಿನ ಕಡೆಯ ಪೈಪಿನ ಬಾಯಿಗೆ ಸಣ್ಣ ಡಬ್ಬಿ ಕೂರಿಸಿ, ಡಬ್ಬಿಯ ಮೇಲೆ ತೂತು ಮಾಡಿ, ಅದಕ್ಕೆ ಮರದ ಬಿರಡೆ. ಬಿರಡೆಗೆ ಉದ್ದನೆಯ ಕೋಲು ಕಟ್ಟಿ ನೀರಿನ ಮೇಲಕ್ಕೆ ಬರುವಂತೆ ಮಾಡಿ. ಊರಿನ ನೀರಗಂಟಿ ತೂಬು ಎತ್ತುತ್ತಿದ್ದದ್ದು ಹೀಗೆಯೇ. ಕೋಲು ಸ್ವಲ್ಪ ಎತ್ತಿದರೆ ಸ್ವಲ್ಪ ನೀರು, ಜಾಸ್ತಿ ಎತ್ತಿದರೆ ಜಾಸ್ತಿ.

ಇದನ್ನು ಎರಡು ಸಲ ಮಾಡಿಸಿ. ಮೊದಲು ಪೈಪಿನ ಸುತ್ತ ಬರೀ ಮರಳು ತುಂಬಿಸಿ. ನೀರು ಪೈಪಿನ ಹೊರಮೈ ಹಿಡಿದು ದಾರಿ ಮಾಡಿಕೊಳ್ಳುತ್ತದೆ, ಮರಳು ಕೊಚ್ಚುತ್ತಾ ಹೋಗಿ ಏರಿ ಕುಸಿಯುತ್ತದೆ. ಆಮೇಲೆ ಜೇಡಿಮಣ್ಣನ್ನು ಕಲಸಿ, ಪದರ ಪದರವಾಗಿ ಒತ್ತಿ ಕಟ್ಟಿಸಿ. ಎರಡನೆಯದು ನಿಲ್ಲುತ್ತದೆ. ಕುಸಿಯುವಾಗ ಪಕ್ಕದಲ್ಲಿ ಬಕೆಟ್ ಇರಲಿ.

ಭೋವಿ ಹುಡುಗ
ಟೀಚರ್, ಜೇಡಿಮಣ್ಣು ನಾನು ತಂದುಕೊಡುತ್ತೇನೆ. ಪ್ರದರ್ಶನ ಯಾವತ್ತು?